ಬಿಸಿಲಿಗೆ ಎಳೆದು ಹಾಕಿದ ದೋಣಿ

ಆಗ ನನಗೆ ಹತ್ತೊಂಬತ್ತು ವರ್ಷ. ಅದಾಗಿ ಐವತ್ತೆಂಟು ವರ್ಷವಾಯಿತು. ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಅದೇ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಶುರುವಾಯಿತು.

ನಾನು ಹುಟ್ಟಿದ್ದು ಬಾಗೂರಿನ ಹತ್ತಿರ. ಅಪ್ಪ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದ. ನಮ್ಮ ಕಡೆ ನೀರು ಎಂದರೆ ನಿಂತ ನೀರು. ಹರಿಯುವ ನೀರನ್ನು ನಾನು ನೋಡಿದ್ದು ಹದಿನೈದಕ್ಕೆ ಮದುವೆಯಾಗಿ ಹೇಮಾವತಿಯ ದಡಕ್ಕೆ ಬಂದ ಮೇಲೆ. ಗಂಡನ ಮನೆ ಹೊಳೆನರಸೀಪುರಕ್ಕಿಂತ ಮೇಲೆ, ಊರಿನಿಂದ ಅರ್ಧ ಮೈಲಿ ಆಚೆ. ಒಂಟಿ ಮನೆ. ಹೊಳೆ ದಾಟಿಸುವವರು ಊರೊಳಗೆ ಇದ್ದರೆ ನಡೆಯುವುದಿಲ್ಲ, ಆಚೆ ದಡದಿಂದ ಕೂಗಿದರೆ ಕೇಳಿಸಬೇಕು.

ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿ ಮಾವ, ಗಂಡ, ನಾನು. ಮದುವೆಯಾದ ಮೂರನೇ ತಿಂಗಳಿಗೆ ಗಂಡ ಮಂಗಳೂರಿಗೆ ಹೋದ. ಅಲ್ಲಿ ಸಮುದ್ರದ ದೋಣಿ ಕಟ್ಟುವ ಜಾಗದಲ್ಲಿ ಕೂಲಿಗೆ ಸೇರಿದ ಎಂದು ಯಾರೋ ಬಂದು ಹೇಳಿದರು. ನಾಲ್ಕು ವರ್ಷ ಅಲ್ಲೇ ಇದ್ದ. ಎದುರಿಗಿದ್ದಾಗ ನಾನು ಅವನಿಗೆ ನೀವು ಎನ್ನುತ್ತಿದ್ದೆ. ಈಗ ಅವನು ಎಂದೇ ಬರೆಯುತ್ತೇನೆ.

ಆ ನಾಲ್ಕು ವರ್ಷದಲ್ಲಿ ನಾನು ಹೊಳೆಯ ಕೆಲಸ ಕಲಿತೆ. ನಮ್ಮದು ಹರಿಗೋಲು. ಬಿದಿರಿನ ದಬ್ಬೆ ಹೆಣೆದು ದೊಡ್ಡ ಕುಕ್ಕೆಯ ಹಾಗೆ ಮಾಡಿ, ಹೊರಗೆ ಎಮ್ಮೆಯ ಚರ್ಮ ಬಿಗಿದದ್ದು. ಅದಕ್ಕೆ ಮುಂದು ಹಿಂದು ಇಲ್ಲ, ತಿರುಗಿಕೊಂಡೇ ಹೋಗುತ್ತದೆ. ಎಂಟು ಜನ ಹಿಡಿಯುತ್ತದೆ, ಇಲ್ಲವೇ ನಾಲ್ಕು ಜನ ಮತ್ತು ಎರಡು ಮೂಟೆ ರಾಗಿ. ಮಾವ ನನಗೆ ಹುಟ್ಟು ಹಾಕುವುದನ್ನು ಕಲಿಸಿದರು. ಅದಕ್ಕಿಂತ ಮೊದಲು ಕಲಿಸಿದ್ದು ಇನ್ನೊಂದು. ಕೆಲಸವಾದ ಮೇಲೆ ಹರಿಗೋಲನ್ನು ನೀರಲ್ಲಿ ಬಿಡಬಾರದು. ಮರಳಿನ ಮೇಲೆ ಎಳೆದು, ಕವುಚಿ ಹಾಕಿ, ಗಾಳಿಯಾಡುವ ಹಾಗೆ ಒಂದು ಕಡೆ ಹುಟ್ಟು ಕೊಟ್ಟು ನಿಲ್ಲಿಸಬೇಕು. ಚರ್ಮ ಒಣಗಬೇಕು, ಆಗಾಗ ಹೊಂಗೆಣ್ಣೆ ಕುಡಿಸಬೇಕು. ಒದ್ದೆಯಲ್ಲಿ ಬಿಟ್ಟರೆ ಕೊಳೆತು ನಡುಹೊಳೆಯಲ್ಲಿ ಕೈಕೊಡುತ್ತದೆ.

"ಉಂಡಿದ್ದೀಯೋ ಇಲ್ವೋ ಆಮ್ಯಾಕೆ. ಮೊದ್ಲು ಅರಿಗೋಲು ಒಣಗಾಕು ಕಣವ್ವ" ಎನ್ನುತ್ತಿದ್ದರು ಮಾವ. ದಿನಕ್ಕೆ ಅವರು ಆಡುತ್ತಿದ್ದ ಹತ್ತು ಮಾತಿನಲ್ಲಿ ಇದು ಒಂದು. ಉಳಿದ ಒಂಬತ್ತರಲ್ಲಿ ಉಪ್ಪು, ಸೌದೆ, ನೀರಿನ ಮಟ್ಟ. ನನಗೆ ಮಾತಾಡಲು ಇದ್ದವರು ದಾಟುವವರು ಮಾತ್ರ. ಹೊಳೆಯ ಅಗಲ ಮುಗಿಯುವಷ್ಟರಲ್ಲಿ ಅವರ ಮಾತೂ ಮುಗಿಯುತ್ತಿತ್ತು. ಇಳಿದು ಹೋಗುವವರು ಯಾರೂ ಹಿಂದಿರುಗಿ ನೋಡುವುದಿಲ್ಲ. ನೋಡಬೇಕೆಂದು ನಾನೂ ಕಾಯುತ್ತಿರಲಿಲ್ಲ. ಹರಿಗೋಲು ಕವುಚುತ್ತಿದ್ದೆ.

ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಗಂಡ ಬಂದ. ಹೆಗಲ ಮೇಲೆ ಒಂದು ಚೀಲ, ಅದರೊಳಗೆ ಉಳಿ, ಬಾಚಿ, ಕೈಗರಗಸ. ಮೈ ಕಪ್ಪಾಗಿತ್ತು. ನಾನು ಗುರುತು ಹಿಡಿಯಲಿಲ್ಲ, ದಾಟುವವನು ಎಂದುಕೊಂಡು "ಒಬ್ರೇ ಏನು? ಇನ್ನೊಬ್ರು ಬರೋಗಂಟ ಕೂತ್ಕಳಿ" ಎಂದೆ.

"ನಾನ್ ಕಣೆ" ಎಂದ.

"ಯಾರು?"

"ನಿನ್ ಗಂಡ ಕಣೆ, ಇನ್ಯಾರು."

ಮಾವ ಜಗಲಿಯಿಂದಲೇ "ಬಂದ್ಯಾ" ಎಂದರು. ಅಷ್ಟೇ.

ಮೊದಲ ಎರಡು ವಾರ ಅವನು ಊಟಕ್ಕೆ ಕೂತಾಗಲೆಲ್ಲ ಮಾತಾಡಿದ. ನನ್ನ ಜೊತೆ ಎಂದು ನಾನು ತಿಳಿದಿದ್ದೆ. ಎದುರಿಗೆ ಕಂಬ ಇದ್ದಿದ್ದರೂ ಮಾತಾಡುತ್ತಿದ್ದ ಎಂದು ಆಮೇಲೆ ಗೊತ್ತಾಯಿತು. ಮಾತೆಲ್ಲ ಒಂದೇ ದೋಣಿಯದು. ಮಂಗಳೂರಿನಲ್ಲಿ ಒಬ್ಬ ಬಿಳಿ ದೊರೆಗೆ ಒಂದು ಹಾಯಿದೋಣಿ ಇತ್ತಂತೆ. ಅದರ ಹಲಗೆ ಬದಲಾಯಿಸುವ ಕೆಲಸ ಇವರ ಮೇಸ್ತ್ರಿಗೆ ಬಂದು, ಇವನು ಒಂದು ವರ್ಷ ಅದರ ಹೊಟ್ಟೆಯೊಳಗೇ ಇದ್ದನಂತೆ. ಅದರೊಳಗೆ ಮಲಗಲು ನಾಲ್ಕು ಹಾಸಿಗೆ, ಅಡುಗೆಗೆ ಒಲೆ, ನೀರಿಗೆ ತೊಟ್ಟಿ. ದಡ ಕಾಣದಷ್ಟು ದೂರ ಹೋಗಿ ಹತ್ತು ದಿನ ಇದ್ದು ಬರಬಹುದು. ಅದೇ ದೋಣಿಯನ್ನು ದೊರೆ ಪಂದ್ಯಕ್ಕೂ ಬಿಡುತ್ತಿದ್ದ.

"ದೋಣಿ ಒಟ್ಟೆ ಅಗಲ ಮಾಡಿದ್ರೆ ಅಲ್ಲಾಡಕಿಲ್ಲ, ಆದ್ರೆ ನೀರ ತಳ್ಕಂಡ್ ಓಯ್ತದೆ, ಓಟ ಇಲ್ಲ. ಸಣ್ಣಕ್ ಮಾಡಿದ್ರೆ ಓಡ್ತದೆ, ಮಗುಚ್ಕತದೆ. ಎರಡೂ ಆಗ್ಬೇಕು ಅಂದ್ರೆ ಅದೇ ಕಷ್ಟ" ಎಂದ.

"ಮತ್ತೆ ಆ ದೊರೆದು?"

"ಒಟ್ಟೆ ಕೆಳೀಕೆ ಒಂದು ರೆಕ್ಕೆ. ರೆಕ್ಕೆ ತುದೀಲಿ ಸೀಸ. ಗಾಳಿ ಎಷ್ಟ್ ಬಗ್ಗಿಸಿದ್ರೂ ಸೀಸ ಎತ್ ನಿಲ್ಲಿಸ್ತದೆ."

ನನಗೆ ಅರ್ಥವಾಯಿತು. ಒನಕೆಯನ್ನು ನೀರಿಗೆ ಹಾಕಿದರೆ ಕಬ್ಬಿಣದ ಬಳೆ ಇರುವ ತುದಿ ಕೆಳಗೆ ಹೋಗುತ್ತದೆ, ಇನ್ನೊಂದು ತುದಿ ಮೇಲೆ ಏಳುತ್ತದೆ. ಹಾಗೆ ಎಂದೆ. ಅವನು ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದ. "ಊಂ, ಅಂಗೇಯ" ಎಂದ. ಮದುವೆಯಾದ ಮೇಲೆ ಅವನು ನನ್ನನ್ನು ಸರಿಯಾಗಿ ನೋಡಿದ್ದು ಅದೇ ಮೊದಲು ಇರಬೇಕು.

ಅಂಥದ್ದೇ ಒಂದನ್ನು ಹೊಳೆಗೆ ಮಾಡುತ್ತೇನೆ ಎಂದು ಕೂತ. ಜನ, ರಾಗಿ ಮೂಟೆ ಎಲ್ಲ ಹಿಡಿಯಬೇಕು, ಓಡಲೂ ಬೇಕು. ಹೊಳೆಯಲ್ಲಿ ಬಂಡೆ, ಮರಳು. ಕೆಳಗಿನ ರೆಕ್ಕೆ ತಗಲುತ್ತದೆ. ಅದಕ್ಕೆ ನಡುವೆ ಒಂದು ಸೀಳು ಬಿಟ್ಟು, ಬೇಕಾದಾಗ ಕೆಳಗೆ ಇಳಿಸಿ ಬೇಡವಾದಾಗ ಮೇಲಕ್ಕೆ ಎಳೆಯುವ ಹಲಗೆ ಯೋಚಿಸಿದ. ಅರಕಲಗೂಡು ಕಡೆಯಿಂದ ಗಾಡಿಯಲ್ಲಿ ಹೆಬ್ಬಲಸಿನ ಹಲಗೆ ತರಿಸಿದ. ಹಲಗೆಗೆ ಹಲಗೆ ಕೂಡಿಸಿ, ಸಂದಿಗೆ ಹತ್ತಿ ಮತ್ತು ರಾಳ ತುಂಬಿ, ಹೊರಗೆ ಡಾಂಬರು ಬಳಿದ. ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳು ಮನೆಯಲ್ಲಿ ಮಾತು ಮತ್ತೆ ನಿಂತಿತು. ಅವನು ಮರದ ಜೊತೆ, ಮಾವ ಹೊಳೆಯ ಜೊತೆ. ನಾನು ಒಬ್ಬಳೇ ಹರಿಗೋಲು ಎಳೆಯುವುದು, ಕವುಚುವುದು.

ದಾಟಲು ಬಂದವರು ದೋಣಿಯ ಸುತ್ತ ಕೂತು ಹರಟುತ್ತಿದ್ದರು. ಹಳೇಕೋಟೆ ಕಡೆಯ ಒಬ್ಬ ಮುದುಕ ಗೌಡ ಇದ್ದ, ವಾರಕ್ಕೊಮ್ಮೆ ದಾಟುವವನು. ಬಾಯಿ ಜಾಸ್ತಿ.

"ಗಾಳಿ ಎದುರ್ಕೂ ಓಡ್ತದಂತಲ್ಲೋ ನಿನ್ ದೋಣಿ? ನಮ್ ಕ್ವಾಣ ಮನೆ ಕಡೀಕೆ ಓಡ್ಲಿ ಅಂದ್ರೇ ಓಡಕಿಲ್ಲ."

"ನೆಟ್ಟಗೆ ಓಡಕಿಲ್ಲ ಗೌಡ್ರೆ. ಓರೇಲಿ ಆ ದಡ, ತಿರುಗಿ ಓರೇಲಿ ಈ ದಡ. ಏರ್ನಲ್ಲಿ ಗಾಡಿ ಹಾವ್ನಂಗೆ ಅತ್ತಿಸಕಿಲ್ವಾ, ಅಂಗೆ."

"ಆಯ್ತು. ಓಡ್ದಿದ್ರೆ?"

ಗಂಡ ಬಾಚಿ ಕೆಳಗಿಟ್ಟು ಹೊಳೆಯ ಮೇಲ್ಗಡೆಯ ಬಂಡೆಯತ್ತ ಕೈ ತೋರಿಸಿದ. "ಎಮ್ಮೆಬಂಡೆಗಂಟ ಗಾಳಿ ಎದುರ್ಗೆ ಓಗಿ ಬತ್ತೀನಿ. ಓಗಿ ಬಂದ್ರೆ ಇಲ್ಲೇ ಇದ್ದು ನಮ್ಮಪ್ಪನ ಕೆಲಸ ನಡುಸ್ತೀನಿ. ಆಗ್ಲಿಲ್ವಾ, ಕಡ್ಲಿಗೆ ಓಯ್ತೀನಿ. ತಿರುಗಿ ಬರಕಿಲ್ಲ."

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ನಾನು ಒಳಗೆ ರಾಗಿ ಬೀಸುತ್ತಿದ್ದೆ, ಕೈ ನಿಂತಿತು. ನನ್ನನ್ನು ಯಾರೂ ಕೇಳಿರಲಿಲ್ಲ. ಅವನು ಇರುತ್ತಾನೋ ಹೋಗುತ್ತಾನೋ ಎನ್ನುವುದು ಹಲಗೆ ಮತ್ತು ಗಾಳಿಯ ಕೈಗೆ ಹೋಗಿತ್ತು. ಹಾಗಿದ್ದರೆ ದೋಣಿ ಓಡಲಿ ಎಂದು ಅಂದುಕೊಂಡು ಮತ್ತೆ ಬೀಸಿದೆ.

ಯುಗಾದಿ ಕಳೆದ ಮೇಲೆ ದೋಣಿಯನ್ನು ನೀರಿಗೆ ಇಳಿಸಿದರು. ನಮ್ಮ ಮನೆಯಿಂದ ಎಮ್ಮೆಬಂಡೆಯವರೆಗೆ ಉದ್ದಕ್ಕೆ ಮಡು, ಬೇಸಿಗೆಯಲ್ಲೂ ಎರಡಾಳು ನೀರು. ಹಾಯಿಗೆ ಇನ್ನೂ ಬಟ್ಟೆ ಇರಲಿಲ್ಲ. ಎರಡು ಕಂಬಳಿ ಹೊಲಿದು ಕಂಬಕ್ಕೆ ಕಟ್ಟಿದ. ಸೀಸವೂ ಇರಲಿಲ್ಲ. ಗಾಳಿ ದೋಣಿಯನ್ನು ಬಗ್ಗಿಸಿದಾಗ ಮೇಲೆದ್ದ ಅಂಚಿನ ಮೇಲೆ ಯಾರಾದರೂ ಕೂರಬೇಕಿತ್ತು. ಊರಿನವರು ಯಾರೂ ಹತ್ತಲಿಲ್ಲ.

"ನೀನ್ ಬಾರೆ" ಎಂದ.

"ನಾನ್ ಏನ್ ಮಾಡ್ಬೇಕು?"

"ಏನೂ ಬ್ಯಾಡ. ಭಾರ ಇರು."

ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ಮಧ್ಯಾಹ್ನದ ಗಾಳಿ ಬಂತು. ದೋಣಿ ಒಂದು ಕಡೆಗೆ ವಾಲಿತು. ನಾನು ಎದ್ದ ಅಂಚಿಗೆ ಸರಿದೆ. "ಇನ್ನೂ ಆಚೆ. ಇನ್ನೂ. ಬೆನ್ ನೀರಿನ್ ಮ್ಯಾಕೆ ಬರ್ಲಿ. ಆಂ, ಅಲ್ಲೇ." ಕಾಲ್ಬೆರಳು ಒಳಗಿನ ಅಡ್ಡಪಟ್ಟಿಗೆ ಸಿಕ್ಕಿಸಿ ಹಿಂದಕ್ಕೆ ಒರಗಿದೆ. ದೋಣಿ ಸ್ವಲ್ಪ ನೆಟ್ಟಗಾಯಿತು, ಕೆಳಗಿನ ಹಲಗೆ ನಡುಗಿ ಗುಂಯ್ ಎಂದು ಸದ್ದು ಮಾಡಿತು, ಆಮೇಲೆ ಓಡಿತು. ಹರಿಗೋಲಿನಲ್ಲಿ ನಾಲ್ಕು ವರ್ಷ ತಿರುಗಿದವಳಿಗೆ ನೆಟ್ಟಗೆ ಹೋಗುವುದು ಹೇಗೆ ಎಂದು ಆವತ್ತು ಗೊತ್ತಾಯಿತು. ದಡದ ಹತ್ತಿರ "ತಿರುಗ್ತೀನಿ, ಈ ಕಡೀಕ್ ಬಾ" ಎಂದು ಚುಕ್ಕಾಣಿ ತಳ್ಳಿದ. ಕಂಬಳಿ ಪಟಪಟ ಬಡಿದು ಇನ್ನೊಂದು ಕಡೆ ಉಬ್ಬಿತು, ನಾನು ಕಂಬಳಿಯ ಕೆಳಗೆ ನುಸುಳಿ ಆಚೆ ಅಂಚಿಗೆ ಹೋದೆ. ಹಾಗೆ ಐದಾರು ಸಲ. ಕಂಬಳಿಯ ಹಾಯಿ ಸಡಿಲ, ಅರ್ಧ ದಾರಿಗೇ ಸಾಕಾಯಿತು. ಆದರೂ ಗಾಳಿಯ ಎದುರಿಗೆ ಅರ್ಧ ದಾರಿ ಹೋಗಿದ್ದೆವು.

ಆವತ್ತು ಅವನು ನನ್ನ ಜೊತೆ ಆಡಿದ ಮಾತೆಲ್ಲ ಆಚೆ, ಈಚೆ, ಇನ್ನೂ, ಸಾಕು. ಸಂಸಾರ ಎಂದು ನಾವು ಮಾಡಿದ್ದು ಆ ಒಂದು ಗಳಿಗೆ ಎಂದು ಹೇಳಬಹುದು.

ಮಾರನೇ ದಿನ ಹಾಯಿಬಟ್ಟೆ ತರಲು ಹೊರಟ. ಹಾಸನಕ್ಕೆ ನಡೆದು, ಅಲ್ಲಿಂದ ಮೋಟಾರು ಹಿಡಿದು ಮಂಗಳೂರಿಗೆ. ಒಂದು ತಿಂಗಳಲ್ಲಿ, ಗಾಳಿ ಜೋರಾಗಿ ಹೊಳೆಗೆ ಮಳೆಯ ಕೆಂಪು ನೀರು ಬರುವ ಮುಂಚೆ, ಬರುತ್ತೇನೆ ಎಂದ. ದೋಣಿಯನ್ನು ಹೊಂಗೆ ಮರದ ನೆರಳಲ್ಲಿ ನೀರಲ್ಲೇ ಕಟ್ಟಿ ಹೋದ. ಅದನ್ನು ನೋಡಿಕೊಳ್ಳುವುದು ಹೇಗೆ ಎಂದು ಅವನು ಹೇಳಲಿಲ್ಲ. ಸಮುದ್ರದವರಿಗೆ ಅದು ಹೇಳುವ ಮಾತೇ ಅಲ್ಲವಂತೆ.

ನಮಗೂ ಅದು ಕೇಳುವ ಮಾತಾಗಿರಲಿಲ್ಲ. ಮಾವ ಸಂಜೆ ಬಂದು ದೋಣಿ ನೋಡಿದರು.

"ನೀರಲ್ಲೇ ಬುಟ್ಟು ಓಗವ್ನಲ್ಲ. ಒಂದ್ ತಿಂಗಳು ಅಂಗೇ ಇದ್ರೆ ಕೊಳ್ತೋಯ್ತದೆ."

"ಎಳ್ಸಣ ಮಾವ" ಎಂದೆ.

"ಎಳ್ಸು."

ಬೆಳಿಗ್ಗೆ ದಾಟಲು ಬಂದ ಆರು ಜನರನ್ನು ಹಿಡಿದು ದೋಣಿಯನ್ನು ಮರಳಿಗೆ ಎಳೆಸಿದೆ, ಕವುಚಿ ಹಾಕಿಸಿದೆ. ಕೆಳಗೆ ಗಾಳಿಯಾಡಲು ಒಂದು ಕಡೆ ಕೊರಡು ಕೊಟ್ಟೆ. ನೆರಳು ಬಿದ್ದರೆ ಚೆನ್ನಾಗಿ ಒಣಗುವುದಿಲ್ಲ ಎಂದು ಮರದಿಂದ ದೂರಕ್ಕೆ ಎಳೆಸಿದ್ದು ನಾನೇ. ವೈಶಾಖದ ಬಿಸಿಲು. ದಿನಾ ಕೈಯಿಟ್ಟು ನೋಡುತ್ತಿದ್ದೆ, ಹಲಗೆ ಹೆಂಚಿನ ಹಾಗೆ ಕಾದಿರುತ್ತಿತ್ತು. ಒಳ್ಳೆಯದಾಯಿತು ಎಂದುಕೊಂಡೆ. ಮೂರನೇ ವಾರ ಹಲಗೆಗಳ ನಡುವೆ ಕೂದಲೆಳೆಯಷ್ಟು ಗೆರೆ ಕಂಡಿತು. ಚರ್ಮದಲ್ಲೂ ಬಿರುಕು ಬರುತ್ತದೆ, ಎಣ್ಣೆ ಕುಡಿಸಿದರೆ ಹೋಗುತ್ತದೆ. ಅವನು ಉಳಿಸಿ ಹೋಗಿದ್ದ ಡಾಂಬರು ಇತ್ತು. ಕಾಯಿಸಿ, ಕತ್ತಾಳೆ ನಾರಿನ ಕುಚ್ಚಿನಲ್ಲಿ ಇಡೀ ತಳಕ್ಕೆ ಬಳಿದೆ. ಗೆರೆ ಎಲ್ಲ ಮುಚ್ಚಿಹೋಯಿತು. ದೋಣಿ ಮಿಂದ ಎಮ್ಮೆಯ ಹಾಗೆ ಮಿರಮಿರ ಮಿಂಚಿತು.

ಹೇಳಿದ ಹಾಗೆ ಒಂದು ತಿಂಗಳಿಗೆ, ಗಾಳಿ ಎದ್ದ ದಿನಗಳಲ್ಲಿ, ಬೆಳಿಗ್ಗೆ ಬಂದ. ಹೆಗಲ ಮೇಲೆ ಹಾಯಿಬಟ್ಟೆಯ ಸುರುಳಿ. ಹಾದಿಯಲ್ಲಿ ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ. ಅವನ ಹಿಂದೆಯೇ ಊರು ಬಂತು. ಗೌಡನೂ ಬಂದಿದ್ದ. ಮಾವ ಸುದ್ದಿ ಕೇಳಿ ಆ ಮುಂಜಾನೆಯೇ ಐದಾರು ಜನರನ್ನು ಸೇರಿಸಿ ದೋಣಿಯನ್ನು ತಿರುಗಿಸಿ ನೀರಿನ ಅಂಚಿಗೆ ತಂದು ನಿಲ್ಲಿಸಿದ್ದರು. ಅವನು ಅದರ ಸುತ್ತ ಒಂದು ಸುತ್ತು ಬಂದ. ಡಾಂಬರಿನ ಮೇಲೆ ಕೈ ಎಳೆದ.

"ನೀನ್ ಬಳುದ್ಯಾ?"

"ಊಂ."

"ಚೆನ್ನಾಗ್ ಬಳ್ದಿದ್ದೀಯ."

ಅವನಿಂದ ನನಗೆ ಸಿಕ್ಕ ಮೆಚ್ಚುಗೆ ಅದೊಂದೇ. ನಾನೂ ಹಿಗ್ಗಿದೆ.

ಹಾಯಿ ಕಟ್ಟಿ, ಹತ್ತಿ, ಹೊರಟೆವು. ಮೊದಲ ಓಟ ಹೇಗಿತ್ತು ಎಂದರೆ, ದಡದಲ್ಲಿ ಕೂತವರೆಲ್ಲ ಎದ್ದು ನಿಂತರು. ಬಿಳಿ ಬಟ್ಟೆ ಗಾಳಿಗೆ ಹಲಗೆಯ ಹಾಗೆ ಸೆಟೆದು ನಿಂತಿತ್ತು. ಕಂಬಳಿಯಲ್ಲಿ ಐದು ಸಲ ತಿರುಗಿ ಹೋದಷ್ಟು ದೂರಕ್ಕೆ ಇದರಲ್ಲಿ ಎರಡೇ ತಿರುವು. ನಾನು ಬೆನ್ನು ನೀರಿಗೆ ತಾಗುವಷ್ಟು ಒರಗಿದ್ದೆ. ಎಮ್ಮೆಬಂಡೆ ಕಾಣುತ್ತಿತ್ತು, ಅದರ ಮೇಲೆ ಕೂತ ನೀರುಕಾಗೆ ಕಾಣುತ್ತಿತ್ತು. ಎರಡನೇ ತಿರುವಿನಲ್ಲಿ ಈ ಕಡೆಗೆ ಬರುವಾಗ ಪಾದ ತಣ್ಣಗಾಯಿತು. ನೋಡಿದರೆ ಗೆಜ್ಜೆಯ ಮಟ್ಟಕ್ಕೆ ನೀರು.

"ನೀರು" ಎಂದೆ.

ಅವನು ನೋಡಿದ. ಮುಂದಿನ ತಿರುವಿಗೆ ಚುಕ್ಕಾಣಿ ತಳ್ಳಿದ. ದೋಣಿ ಭಾರವಾಗಿತ್ತು, ಮೂತಿ ಅರ್ಧ ತಿರುಗಿ ನಿಂತುಬಿಟ್ಟಿತು. ಹಾಯಿ ಬಡಿದುಕೊಂಡಿತು. ಗಾಳಿ ನಮ್ಮನ್ನು ಹಿಂದಕ್ಕೆ ತಳ್ಳತೊಡಗಿತು. ಅವನು ಬಗ್ಗಿ ತಳದ ಸಂದಿಗೆ ಉಗುರು ಇಟ್ಟ. ಹೊರಗಿನಿಂದ ಸಂದಿಯೊಳಕ್ಕೆ ಇಳಿದಿದ್ದ ಡಾಂಬರು ಹಪ್ಪಳದ ಹಾಗೆ ಎದ್ದು ಬಂತು. ಅದರ ಕೆಳಗೆ ಉಗುರು ಹೋಗುವಷ್ಟು ಸೀಳು.

"ದೋಣಿ ನೀರಲ್ಲೇ ಇತ್ತಾ?"

"ಇಲ್ಲ. ಎಳ್ಸಿ ಒಣಗಾಕಿದ್ದೆ."

"ಯಾವತ್ನಿಂದ?"

"ನೀವು ಓದ್ ಮಾರ್ನೆ ದಿನದಿಂದ. ಕೊಳೀಬಾರ್ದು ಅಂತ."

ಅವನು ಬೈಯುತ್ತಾನೆ ಎಂದುಕೊಂಡೆ. "ಸರಿ" ಎಂದ. ಆಮೇಲೆ ಚುಕ್ಕಾಣಿ ಬಿಟ್ಟು ಕೂತ. ನಾನು ಚೆಂಬಿನಲ್ಲಿ ನೀರು ತೋಡಿ ಚೆಲ್ಲುತ್ತಿದ್ದೆ. ತೋಡಿದ್ದಕ್ಕಿಂತ ಬರುವುದು ಜಾಸ್ತಿ. ನಮ್ಮ ಮನೆಯ ಹತ್ತಿರಕ್ಕೇ ತೇಲಿಕೊಂಡು ಬಂದು, ಎದೆಮಟ್ಟ ನೀರಿನಲ್ಲಿ ಮರಳಿಗೆ ಕೂತು, ದೋಣಿ ನಿಧಾನಕ್ಕೆ ಮುಳುಗಿತು. ಅಂಚು ಮುಳುಗುವವರೆಗೂ ನಾನು ನನ್ನ ಜಾಗದಲ್ಲೇ ಕೂತಿದ್ದೆ. ಏಳು ಎಂದು ಅವನು ಹೇಳಿರಲಿಲ್ಲ.

ದಡದಿಂದ ಗೌಡ ಕೂಗಿದ. "ಅರಿಗೋಲು ಕಳುಸ್ಲೇನಪ್ಪಾ? ಅದು ಗಾಳಿ ಎದುರ್ಕೆ ಓಗಕಿಲ್ಲ, ಆದ್ರೆ ಮುಳುಗಕಿಲ್ಲ ಕಣ್ಲಾ." ಜನ ಬಿದ್ದು ಬಿದ್ದು ನಕ್ಕರು. ಮಾವ ಹರಿಗೋಲು ತಂದು ನನ್ನನ್ನು ಹತ್ತಿಸಿಕೊಂಡರು. ಗಂಡ ನೀರಲ್ಲಿ ನಡೆದುಕೊಂಡು ಹೋದ.

ಸಂಜೆ ಹೊತ್ತಿರುವಾಗಲೇ ಉಳಿ, ಬಾಚಿ ಚೀಲಕ್ಕೆ ತುಂಬಿದ. ನಾನು ಎಲೆ ಹಾಕಿದೆ. ಎರಡು ಮುದ್ದೆ ಉಂಡ, ಮೀನಿನ ಸಾರು ಎರಡನೇ ಸಲ ಹಾಕಿಸಿಕೊಂಡ. ಹೋಗುವವನು ಇಷ್ಟು ಉಣ್ಣುವುದಿಲ್ಲ, ಇರುತ್ತಾನೇನೋ ಎಂದುಕೊಂಡೆ.

ಮಾವ ಬಾಗಿಲಲ್ಲಿ ನಿಂತು, "ಎರಡ್ ದಿನ ತಡ್ಕಳಾ" ಎಂದರು.

"ನಾಕ್ ಜನದ್ ಮುಂದೆ ಆಡಿದ್ ಮಾತು ಅಪ್ಪ."

"ಆ ಗೌಡನ್ ಬಾಯಿಗೆ ನೀನ್ ಯಾಕ್ ಎದ್ರುತೀಯೆ?"

ಅವನು ಎಲೆ ಮಡಚಿ ಎದ್ದ. ಕೈ ತೊಳೆಯಲು ಹಿತ್ತಲಿಗೆ ಬಂದಾಗ ನಾನೇ ಕೇಳಿದೆ.

"ಸೀಳು ಮತ್ತೆ ಸೇರಕಿಲ್ವಾ?"

ಅವನು ನೀರು ಹುಯ್ಯಿಸಿಕೊಂಡ. ಎರಡು ಚೆಂಬು.

"ಸೇರಕಿಲ್ಲ. ಒಣಗಿದ್ ಮರ ಮುಗೀತು. ಒಲೆಗ್ ಹಾಕು."

ನಾನೇ ಕೆಡಿಸಿದೆ ಎಂದು ಒಪ್ಪಿಕೊಂಡೆ. ಒಪ್ಪಿಕೊಂಡವಳು ಹೋಗಬೇಡ ಎನ್ನುವುದು ಹೇಗೆ? ಅವನು ಹಾಸನದ ದಾರಿ ಹಿಡಿದ. ಸಂಜೆಯ ಬೆಳಕು ಇನ್ನೂ ಇತ್ತು. ತಿರುವಿನವರೆಗೆ ಚೀಲ ಕಾಣುತ್ತಿತ್ತು. ಹಾಯಿಬಟ್ಟೆ ಬಿಟ್ಟು ಹೋಗಿದ್ದ.

ಆಮೇಲೆ ಒಂದು ಕಾರ್ಡು ಬಂತು. ಯುದ್ಧಕ್ಕೆ ಸಾಮಾನು ಹೊರುವ ಹಡಗಿನಲ್ಲಿ ಬಡಗಿ ಕೆಲಸ ಸಿಕ್ಕಿದೆ ಎಂದು ಅದರಲ್ಲಿತ್ತಂತೆ. ಶಾನುಭೋಗರು ಓದಿ ಹೇಳಿದರು. ನನಗೆ ಆಗ ಅಕ್ಷರ ಬರುತ್ತಿರಲಿಲ್ಲ. ಅದಾದ ಮೇಲೆ ಏನೂ ಬರಲಿಲ್ಲ, ಅವನೂ ಬರಲಿಲ್ಲ. ಸತ್ತ ಸುದ್ದಿಯೂ ಇಲ್ಲ. ಕುಂಕುಮ ಇಡಬೇಕೋ ಬೇಡವೋ ಎಂದು ಹೇಳುವವರೂ ಇರಲಿಲ್ಲ. ಇಟ್ಟೆ. ಈಗಲೂ ಇಡುತ್ತೇನೆ, ಅಭ್ಯಾಸ. ಹತ್ತನೇ ವರ್ಷಕ್ಕೆ ಮಾವ ಹೋದರು. ಅದರ ಮೇಲೂ ಬಹಳ ವರ್ಷ ನಾನೇ ದಾಟಿಸಿದೆ. ಆಮೇಲೆ ಗೊರೂರಿನಲ್ಲಿ ಅಣೆಕಟ್ಟೆ ಕಟ್ಟಿದರು, ದಾಟಿಸುವ ಕೆಲಸ ನಿಂತಿತು.

ಆದರೆ ಅವನು ಹೋದ ಮಾರನೇ ಬೆಳಿಗ್ಗೆ ನಾನು ಮಾಡಿದ್ದು ಇದು. ಒಲೆಗೆ ಹಾಕು ಎಂದಿದ್ದನಲ್ಲ, ಹಲಗೆ ಬಿಚ್ಚೋಣ ಎಂದು ಕೊಡಲಿ ತೆಗೆದುಕೊಂಡು ಹೊಳೆಗೆ ಇಳಿದೆ. ರಾತ್ರಿ ಗಾಳಿ ಬಿದ್ದು ನೀರು ಒಂದು ಗೇಣು ಇಳಿದಿತ್ತು, ದೋಣಿಯ ಅಂಚು ಮೇಲೆ ಕಾಣುತ್ತಿತ್ತು. ಮೊದಲು ನೀರು ಖಾಲಿ ಮಾಡಬೇಕು, ಇಲ್ಲದಿದ್ದರೆ ಎಳೆಯಲು ಆಗುವುದಿಲ್ಲ. ಕೊಡದಲ್ಲಿ ತೋಡಿದೆ. ಬಿಸಿಲು ಏರುವವರೆಗೆ ತೋಡಿದೆ. ತೋಡಿದಷ್ಟೂ ತುಂಬಿಕೊಳ್ಳುತ್ತದೆ ಎಂದುಕೊಂಡಿದ್ದೆ. ತುಂಬಿಕೊಳ್ಳಲಿಲ್ಲ. ದೋಣಿ ಮರಳು ಬಿಟ್ಟು ಎದ್ದು ತೇಲಿತು. ಒಳಗೆ ಹತ್ತಿ ತಳಕ್ಕೆ ಕೈಯಿಟ್ಟೆ. ನಿನ್ನೆ ಅವನ ಉಗುರು ಹೋದ ಸಂದಿಗೆ ನನ್ನ ಉಗುರು ಇಟ್ಟೆ, ಹೋಗಲಿಲ್ಲ. ಒಂದು ರಾತ್ರಿ ನೀರು ಕುಡಿದು ಮರ ಉಬ್ಬಿ ಸೇರಿಕೊಂಡಿತ್ತು. ಎರಡು ಕಡೆ ಹನಿ ಜಿನುಗುತ್ತಿತ್ತು, ಅಷ್ಟೇ.

ಒಂದು ವರ್ಷ ದೊರೆಯ ದೋಣಿಯ ಹೊಟ್ಟೆಯಲ್ಲಿ ಇದ್ದವನಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಎರಡು ಚೆಂಬು ನೀರು ಹುಯ್ಯಿಸಿಕೊಳ್ಳುವಷ್ಟು ಹೊತ್ತು ಯೋಚಿಸಿಯೇ ಸೇರಕಿಲ್ಲ ಎಂದು ಹೇಳಿದ್ದ.

ಮಾವ ದಡಕ್ಕೆ ಬಂದು ನೋಡಿದರು. ಆಚೆ ದಡದಲ್ಲಿ ಒಬ್ಬಳು ಹೆಂಗಸು ಬುಟ್ಟಿ ಇಳಿಸಿಕೊಂಡು "ಓ" ಎಂದು ಕೂಗಿದಳು. ಕೊಡಲಿಯನ್ನು ದೋಣಿಯಿಂದ ದಡಕ್ಕೆ ಎಸೆದೆ, ಹರಿಗೋಲಿನ ಹುಟ್ಟು ತೆಗೆದುಕೊಂಡೆ, ಅದೇ ದೋಣಿಯಲ್ಲಿ ಹೋಗಿ ಅವಳನ್ನು ದಾಟಿಸಿದೆ. ಬಂದ ಮೇಲೆ ಹೊಂಗೆ ಮರದ ಕೆಳಗೆ ನೀರಲ್ಲೇ ಕಟ್ಟಿದೆ.